ನೆಲ ಮುಟ್ಟದ ಹದಿನಾರು ತಿಂಗಳು

ನಾನು ಅಂಬೆಗಾಲಿಡಲೇ ಇಲ್ಲ. ಇದು ನನಗೆ ಗೊತ್ತಾದದ್ದು ನಲವತ್ತೇಳನೇ ವಯಸ್ಸಿನಲ್ಲಿ, ಅಕ್ಕನ ಮನೆಯ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ.

ಅಂಗನವಾಡಿ ಮೇಲ್ವಿಚಾರಕಿಯ ಕೆಲಸ ನನ್ನದು. ಇಪ್ಪತ್ತು ವರ್ಷ ದಾಟಿತು. ಊರಿಂದೂರಿಗೆ ಹೋಗಿ ಮಕ್ಕಳ ತೂಕ ಸರಿಯಾಗಿ ಹಿಡಿದಿದ್ದಾರಾ, ಬೆಳವಣಿಗೆ ಗೆರೆಯನ್ನು ಸರಿಯಾಗಿ ಎಳೆದಿದ್ದಾರಾ ನೋಡುವುದು, ಕತ್ತು ನಿಂತಿತಾ, ಬೋರಲು ಬಿತ್ತಾ, ಒಬ್ಬನೇ ಕೂರ್ತಾನಾ, ದಟ್ಟಡಿ ಇಟ್ಟಳಾ ಎಂದು ತಾಯಂದಿರನ್ನು ಕೇಳುವುದು. ಸಾವಿರಾರು ಮಕ್ಕಳ ಬಗ್ಗೆ ಈ ಪ್ರಶ್ನೆ ಕೇಳಿದವಳು ನನ್ನ ಬಗ್ಗೆ ಯಾರನ್ನೂ ಕೇಳಿರಲಿಲ್ಲ. ಅವ್ವ ಇದ್ದಾಗ ತೋಚಲಿಲ್ಲ. ಅವ್ವ ಹೋಗಿ ಮೂರು ವರ್ಷವಾದ ಮೇಲೆ ಆ ಮಧ್ಯಾಹ್ನ ಸುಮ್ಮನೆ ಬಾಯಿಗೆ ಬಂತು: "ಅಕ್ಕ, ನಾನು ಎಷ್ಟು ತಿಂಗಳಿಗೆ ಅಂಬೆಗಾಲಿಟ್ಟೆ?"

ಅಕ್ಕ ಸುಲಿಯುವ ಕೈ ನಿಲ್ಲಿಸದೆ ಅಂದಳು, "ನಿನ್ನ ನೆಲಕ್ಕೆ ಬುಟ್ಟಿದ್ರೆ ತಾನೆ ನೀನು ಅಂಬೆಗಾಲಿಕ್ಕೋದು? ಒತ್ತಾರೆಯಿಂದ ಬೈಗಿನ ತನಕ ನನ್ನ ಸೊಂಟದ ಮ್ಯಾಲೇ ಇದ್ದೆಯಲ್ಲ."

ಅಂಬೆಗಾಲಿಡದೆಯೇ ನಡೆಯುವ ಮಕ್ಕಳಿದ್ದಾರೆ ಎಂಬುದು ನನಗೆ ತರಬೇತಿಯಲ್ಲಿ ಹೇಳಿಕೊಟ್ಟ ಪಾಠ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಬೆಳವಣಿಗೆಯ ಅಳತೆಗೋಲು ತಯಾರಿಸಲು ಆರು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಅದನ್ನು ಪ್ರಕಟಿಸಿತು. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ನಡಿಗೆಯ ವಿಷಯದಲ್ಲಿ ಅದು ಕಂಡದ್ದು: ಕೆಲವು ಮಕ್ಕಳು ಎಂಟು ತಿಂಗಳಿಗೇ ಒಂಟಿಯಾಗಿ ಹೆಜ್ಜೆ ಹಾಕುತ್ತವೆ, ಕೆಲವು ಹದಿನೇಳೂವರೆ ತಿಂಗಳ ತನಕ ತೆಗೆದುಕೊಳ್ಳುತ್ತವೆ, ಎರಡೂ ಸರಿಯೇ. ನೂರರಲ್ಲಿ ಸುಮಾರು ನಾಲ್ಕು ಮಕ್ಕಳು ಅಂಬೆಗಾಲಿಡುವುದೇ ಇಲ್ಲ. ಆತಂಕದಿಂದ ಬಂದ ಎಷ್ಟೋ ತಾಯಂದಿರಿಗೆ ಈ ಮಾತು ಹೇಳಿ ಸಮಾಧಾನ ಮಾಡಿ ಕಳಿಸಿದ್ದೇನೆ. ಆ ನಾಲ್ವರ ಸಾಲಿನಲ್ಲಿ ನಾನೂ ಇದ್ದೇನೆ ಎಂದಾಗ ಮಾತ್ರ ಅದು ಸಮಾಧಾನದ ಮಾತಾಗಿ ಉಳಿಯಲಿಲ್ಲ. ನಾನು ಅಂಬೆಗಾಲಿಡದಿದ್ದುದಕ್ಕೆ ಒಂದು ಕಾರಣವಿತ್ತು, ಆ ಕಾರಣಕ್ಕೆ ಆಗ ಎಂಟು ವರ್ಷ.

ನಮ್ಮದು ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಊರು, ತಲಕಾಡಿನ ಕಡೆ. ಮಾಧವಮಂತ್ರಿ ನಾಲೆಯ ನೀರು, ಭತ್ತದ ಗದ್ದೆ. ನಾನು ಹುಟ್ಟಿದ್ದು 1976ರಲ್ಲಿ, ಯುಗಾದಿ ಕಳೆದು ಹದಿನೈದು ದಿನಕ್ಕೆ, ಮನೆಯ ಕೋಣೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ತಾರೀಖು ಯಾರೂ ಬರೆದಿಡಲಿಲ್ಲ.

ಹುಟ್ಟಿದ ಮಗುವಿಗೆ ಕಣ್ಣು ಸ್ಪಷ್ಟವಾಗಿ ಕಾಣುವುದು ಇಪ್ಪತ್ತು ಮೂವತ್ತು ಸೆಂಟಿಮೀಟರು ದೂರದವರೆಗೆ ಮಾತ್ರ. ಮೊಲೆ ಚೀಪುವ ಕೂಸಿನಿಂದ ತಾಯಿಯ ಮುಖಕ್ಕಿರುವ ದೂರ ಅದು. ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿ, ಬಗ್ಗಿ ನೀರು ಎರೆಯುವವರ ಮುಖವೂ ಹೆಚ್ಚುಕಡಿಮೆ ಅಷ್ಟೇ ಹತ್ತಿರಕ್ಕೆ ಬರುತ್ತದೆ. ನನಗೆ ನೀರು ಎರೆದವಳು ಅಜ್ಜಿ. ಅವಳ ಮುಖದ ತುಂಬ ಸಿಡುಬಿನ ಕಲೆ. ಲೋಕದಲ್ಲಿ ನನಗೆ ಮೊದಲು ಕಂಡ ಎರಡು ಮುಖಗಳಲ್ಲಿ ಒಂದು ಆ ಕಲೆಗಳ ಮುಖ ಎಂದು ನೆನೆದರೆ ಈಗಲೂ ಅಜ್ಜಿಯ ಮೇಲೆ ಪ್ರೀತಿ ಉಕ್ಕುತ್ತದೆ. ಅಕ್ಕನ ತೋಳಿನಲ್ಲಿ ಸಿಡುಬಿಗೆ ಹಾಕಿದ ಲಸಿಕೆಯ ಅಗಲ ಗುರುತಿದೆ. ನನ್ನ ತೋಳಿನಲ್ಲಿ ಕ್ಷಯಕ್ಕೆ ಹಾಕಿದ ಬಿಸಿಜಿಯ ಸಣ್ಣ ಗುರುತು. 1980ರ ಮೇ ತಿಂಗಳಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತು ಎಂದು ಸಾರಿದಾಗ ನನಗೆ ನಾಲ್ಕು ವರ್ಷ. ಅಜ್ಜಿಗೆ ಮಾತ್ರ ಕೊನೆಯ ತನಕ ಆ ಅಮ್ಮನ ಭಯ ಹೋಗಲಿಲ್ಲ. ಬೇಸಿಗೆ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದಳು.

ಬಾಣಂತನ ಮೂರು ತಿಂಗಳು ನಡೆಯಿತಂತೆ. ಬಡವರ ಮನೆಗೆ ಅದು ಹೆಚ್ಚೇ. ಆಷಾಢದ ಹೊತ್ತಿಗೆ ನಾಲೆಗೆ ನೀರು ಬಿಟ್ಟರು, ಪೈರು ಕೀಳುವುದು, ನಾಟಿ ಶುರುವಾಯಿತು. ನಾಟಿಯ ಒಂದೂವರೆ ತಿಂಗಳ ಕೂಲಿ ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಜ್ಜಿಗೆ ಆಗಲೇ ಕಣ್ಣು ಮಂಜು. ಅಕ್ಕ ಜೂನಿನಲ್ಲಿ ಮೂರನೇ ಕ್ಲಾಸಿಗೆ ಹೋಗಿ ಕೂತು ಒಂದು ತಿಂಗಳಾಗಿತ್ತು. "ನಾಟಿ ಮುಗಿಯೋ ಗಂಟ ಮಗ ನೋಡ್ಕೊ ಕನವ್ವ" ಎಂದು ಅವ್ವ ಅವಳನ್ನು ಮನೆಯಲ್ಲಿ ಉಳಿಸಿಕೊಂಡಳು. ನಾಟಿ ಮುಗಿದ ಮೇಲೆ ಕಳೆ ಬಂತು, ಕಳೆ ಆದ ಮೇಲೆ ಕುಯ್ಲು. ಅಕ್ಕನ ಸ್ಲೇಟು ಅಟ್ಟಕ್ಕೆ ಹೋಯಿತು.

ಅವಳ ದಿನ ಹೇಗಿತ್ತು ಎಂದು ಅವಳ ಬಾಯಲ್ಲೇ ಕೇಳಿದೆ. ಬೆಳಿಗ್ಗೆ ಅವ್ವ ಹಾಲೂಡಿಸಿ ಗದ್ದೆಗೆ ಹೊರಡುತ್ತಿದ್ದಳು. ಹೊತ್ತು ಮಾರುದ್ದ ಏರುವಷ್ಟರಲ್ಲಿ ನನಗೆ ಹಸಿವು. ಅಕ್ಕ ನನ್ನನ್ನು ಎಡ ಸೊಂಟಕ್ಕೆ ಹಾಕಿಕೊಂಡು ನಾಲೆಯ ಏರಿ ಮೇಲೆ ಗದ್ದೆಯ ತನಕ ನಡೆಯುತ್ತಿದ್ದಳು. ಅವ್ವ ಕೆಸರು ಕೈ ತೊಳೆದು ಬದುವಿನ ಮೇಲೆ ಕೂತು ಹಾಲು ಕೊಟ್ಟರೆ ಮತ್ತೆ ವಾಪಸು. ಮಧ್ಯಾಹ್ನ ಇನ್ನೊಂದು ಸಲ. ಮಳೆ ಬಂದರೆ ತಲೆಗೆ ಗೊಪ್ಪೆ. ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿದ್ದರೂ ಅದರಲ್ಲಿ ಹಾಕಿದರೆ ನಾನು ಕಿರುಚುತ್ತಿದ್ದೆನಂತೆ. ಸೊಂಟವೇ ಬೇಕು.

ನಮ್ಮ ಇಲಾಖೆಯಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ಮಾತು "ಮೊದಲ 1000 ದಿನ". ಬಸಿರಿನ 270 ದಿನ, ಹುಟ್ಟಿದ ಮೇಲೆ ಎರಡು ವರ್ಷದ 730 ದಿನ. ಹುಟ್ಟಿದಾಗ ದೊಡ್ಡವರದರ ಕಾಲು ಭಾಗದಷ್ಟು ತೂಗುವ ಮೆದುಳು ಎರಡು ತುಂಬುವಷ್ಟರಲ್ಲಿ ಮುಕ್ಕಾಲು ದಾಟುತ್ತದೆ. ಈ ದಿನಗಳಲ್ಲಿ ಕಳೆದುಕೊಂಡದ್ದನ್ನು ಆಮೇಲೆ ತುಂಬಿಕೊಡುವುದು ಕಷ್ಟ ಎಂದು ನಾನೇ ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ. ಮಗುವಿನ ಜತೆ ಮಾತಾಡಿ, ಅತ್ತರೆ ಎತ್ತಿಕೊಳ್ಳಿ, ಕಣ್ಣಿಗೆ ಕಣ್ಣು ಕೊಟ್ಟು ನಗಿಸಿ ಎಂದು. ನನ್ನ 1000ದಲ್ಲಿ 270 ಅವ್ವನವು. ಉಳಿದ 730ರ ಬಹುಪಾಲು ಅಕ್ಕನವು. ನಾಲೆಯ ಏರಿ ಮೇಲೆ ಕಾಗೆ ಕೊಕ್ಕರೆ ತೋರಿಸುತ್ತ, ತಾನೇ ಕಟ್ಟಿದ ಪದ ಹೇಳುತ್ತ ನಡೆಯುತ್ತಿದ್ದ ಆ ಹುಡುಗಿ ಯಾವ ತರಬೇತಿಯೂ ಇಲ್ಲದೆ ನನಗೆ ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಅವಳ 730 ದಿನಗಳು ನನ್ನ ಕಾರ್ಡಿನಲ್ಲಿ ಗೆರೆಯಾಗಿ ಮೇಲಕ್ಕೆ ಹೋದವು. ಎಂಟರಿಂದ ಹತ್ತರ ತನಕದ ಮಕ್ಕಳ ಬೆಳವಣಿಗೆ ಬರೆದಿಡುವ ಕಾರ್ಡು ಆಗ ಇರಲಿಲ್ಲ.

ಆ ಕಾಲದ ಯಾವ ನೆನಪೂ ನನಗಿಲ್ಲ. ಯಾರಿಗೂ ಇರುವುದಿಲ್ಲ. ಮೂರು, ಮೂರೂವರೆ ವರ್ಷ ತುಂಬುವ ಮೊದಲಿನದು ಬಹುತೇಕ ಎಲ್ಲರಲ್ಲೂ ಅಳಿಸಿಹೋಗಿರುತ್ತದೆ. ಹಾಗಾಗಿ ನನ್ನ ಬದುಕಿನ ಮೊದಲ ಭಾಗ ಇರುವುದು ಅಕ್ಕನ ತಲೆಯಲ್ಲಿ. ನನ್ನ ತಲೆಯಲ್ಲಿರುವ ಮೊಟ್ಟಮೊದಲ ಚಿತ್ರ ಎಂದರೆ, ಹರಳೆಣ್ಣೆ ವಾಸನೆಯ ಒಂದು ಜಡೆ, ಅದರ ಆಚೆ ಓಡುತ್ತಿರುವ ನೀರು. ಅದು ಅಷ್ಟೇ. ಆದರೆ ನೀರು ಕೆಳಗಿದೆ, ನಾನು ಎತ್ತರದಲ್ಲಿದ್ದೇನೆ. ಎಷ್ಟೋ ವರ್ಷ ಅದನ್ನು ಕನಸು ಅಂದುಕೊಂಡಿದ್ದೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಮೊದಲಿಗೆ ಬರೀ 33 ಬ್ಲಾಕುಗಳಲ್ಲಿ. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ತಿ. ನರಸೀಪುರವನ್ನು. ನಾನು ಹುಟ್ಟುವ ಆರು ತಿಂಗಳ ಮೊದಲು! ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಓದಿ, ಈ ಇಲಾಖೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮೂರು ತುಂಬಿದ ಮೇಲೆ ನನ್ನನ್ನು ಅಂಗನವಾಡಿಗೆ ಬಿಟ್ಟರು. ಮಾರಿಗುಡಿಯ ಹಿಂದಿನ ಒಂದು ಕೋಣೆ, ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು, ಟೀಚರ ಕೈಯ ಗಾಜಿನ ಬಳೆ. ಕರೆದುಕೊಂಡು ಹೋಗುತ್ತಿದ್ದವಳು ಅಕ್ಕ. ಬಿಟ್ಟು ಹೋಗುತ್ತಿರಲಿಲ್ಲ, ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ಒಳಗೆ ಹೇಳಿಕೊಟ್ಟ ಪದವನ್ನು ಮನೆಗೆ ಬರುವಾಗ ನನಗಿಂತ ಚೆನ್ನಾಗಿ ಅವಳೇ ಹೇಳುತ್ತಿದ್ದಳು.

ಟೀಚರು ಒಮ್ಮೆ ಅವ್ವನನ್ನು ಕರೆದು, ಚಿಕ್ಕದು ಇಲ್ಲಿರುತ್ತಲ್ಲಾ, ದೊಡ್ಡದನ್ನು ಶಾಲೆಗೆ ಕಳಿಸಿ ಅಂದರಂತೆ. ಕಳಿಸುವುದಕ್ಕೆ ಅವ್ವ ಒಪ್ಪಿದಳು. ಹೋಗದೆ ಉಳಿದವಳು ಅಕ್ಕನೇ. ಅವಳಿಗೆ ಹನ್ನೊಂದು ವರ್ಷ, ಮೂರನೇ ಕ್ಲಾಸಿನ ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ಕೂರಬೇಕು. "ನಾಚ್ಕೆ ಆಯ್ತು ಕನೆ" ಅಂದಳು ಅಕ್ಕ, ಅವರೆಕಾಯಿ ಸುಲಿಯುತ್ತಲೇ. ನಲವತ್ತು ವರ್ಷದ ಹಿಂದಿನ ನಾಚಿಕೆ ಅವಳ ಮುಖದ ಮೇಲೆ ಆಗಲೂ ಇತ್ತು.

1982ರ ಜೂನು. ಆಗೆಲ್ಲ ಹಳ್ಳಿ ಶಾಲೆಯಲ್ಲಿ ವಯಸ್ಸು ನೋಡಲು ಒಂದೇ ಪರೀಕ್ಷೆ: ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟಬೇಕು. ಹುಟ್ಟಿದ ಕೂಸಿನ ಮೈಯುದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ, ದೊಡ್ಡವರಲ್ಲಿ ಅದು ಏಳೆಂಟರಲ್ಲಿ ಒಂದು ಭಾಗ. ತಲೆ ನಿಧಾನಕ್ಕೆ, ಕೈಕಾಲು ಬೇಗ ಬೆಳೆದು ಐದಾರು ವರ್ಷದ ಸುಮಾರಿಗೆ ಬೆರಳು ಆ ಕಡೆಯ ಕಿವಿಗೆ ಎಟುಕುತ್ತದೆ. ಜನನ ಪ್ರಮಾಣಪತ್ರವಿಲ್ಲದ ಕಾಲದಲ್ಲಿ ಆ ಮೇಷ್ಟರುಗಳು ಕಂಡುಕೊಂಡ ಉಪಾಯ ಮೆಚ್ಚುವಂಥದೇ. ಅಕ್ಕ ಯುಗಾದಿಯಿಂದಲೇ ನನಗೆ ಅಭ್ಯಾಸ ಮಾಡಿಸುತ್ತಿದ್ದಳು. ದಿನಾ ಸಂಜೆ ಜಗಲಿ ಮೇಲೆ ನಿಲ್ಲಿಸಿ ನನ್ನ ಬೆರಳು ಹಿಡಿದು ಎಳೆಯುವುದು, "ಇನ್ನೊಂದೀಟು, ಇನ್ನೊಂದೀಟು". ಅವಳು ಮಾಡಿ ತೋರಿಸುತ್ತಿದ್ದಳು. ಹದಿನಾಲ್ಕರ ಹುಡುಗಿಯ ಉದ್ದ ಕೈ ಸಲೀಸಾಗಿ ಕಿವಿ ದಾಟಿ ಕೆನ್ನೆಗೆ ಬರುತ್ತಿತ್ತು. ನಾನು ಕಿವಿ ಮುಟ್ಟಿದೆ. ಮೇಷ್ಟರು ಹುಟ್ಟಿದ ದಿನ ಜೂನ್ 1 ಎಂದು ಬರೆದುಕೊಂಡರು. ನನ್ನ ಎಲ್ಲ ದಾಖಲೆಯಲ್ಲೂ ಇವತ್ತಿಗೂ ಅದೇ ಇದೆ.

ಅದೇ ವರ್ಷ ದೀಪಾವಳಿ ಹೊತ್ತಿಗೆ ಅಕ್ಕ ಮೈನೆರೆದಳು. ಹಿತ್ತಿಲಿನಲ್ಲಿ ಸೋದರಮಾವ ತೆಂಗಿನ ಗರಿಯ ಗುಡ್ಲು ಹಾಕಿದ. ಅವಳನ್ನು ಮುಟ್ಟಬಾರದು ಅಂದರು. ಹುಟ್ಟಿದಾಗಿನಿಂದ ಅವಳ ಮೈಗೆ ಅಂಟಿಕೊಂಡೇ ಇದ್ದವಳಿಗೆ ಇದು ಹೇಗೆ ಅರ್ಥವಾಗಬೇಕು? ಗುಡ್ಲ ಹೊರಗೆ ಮಣ್ಣಲ್ಲಿ ಕೂತು ಗರಿಯ ಸಂದಿನಲ್ಲಿ ಬೆರಳು ತೂರಿಸುತ್ತಿದ್ದೆ. ಒಳಗಿನಿಂದ ಅವಳ ಬೆರಳು ಮುಟ್ಟಿದಂತೆ ನೆನಪು. ಅಕ್ಕ ಅದನ್ನು ಒಪ್ಪುವುದಿಲ್ಲ, "ನಾನು ಮುಟ್ಟಲಿಲ್ಲ, ಅಜ್ಜಿ ಬಯ್ತಾಳೆ ಅಂತ ಚಿಗಳಿ ಉಂಡೆ ಈಚೆಗೆ ಉರುಳಿಸ್ದೆ" ಅನ್ನುತ್ತಾಳೆ. ಎಳ್ಳುಬೆಲ್ಲದ ರುಚಿಯೂ ನನಗೆ ನೆನಪಿದೆ. ಇಬ್ಬರ ನೆನಪಿನಲ್ಲಿ ಯಾವುದು ನಿಜವೋ.

1985ರಲ್ಲಿ ಅವಳ ಮದುವೆಯಾಯಿತು. ಅವಳಿಗೆ ಹದಿನೇಳು. ಹುಡುಗಿಗೆ ಹದಿನೆಂಟಾಗಬೇಕು ಎಂದು 1978ರಲ್ಲೇ ಕಾನೂನು ತಿದ್ದಿದ್ದರು, ನಮ್ಮೂರಿಗೆ ಅದು ಬಂದು ಮುಟ್ಟಿರಲಿಲ್ಲ. ನನಗೆ ಒಂಬತ್ತು. ಅಕ್ಕ ಗಂಡನ ಮನೆಗೆ ಹೋದ ಮೇಲೆ ಒಂದು ತಿಂಗಳು ನಾನು ಹಾಸಿಗೆ ಒದ್ದೆ ಮಾಡಿಕೊಂಡೆ. ಮೂರನೇ ಕ್ಲಾಸಿನ, ಮಗ್ಗಿ ಬರುತ್ತಿದ್ದ ಹುಡುಗಿ. ಅವ್ವ ದೆವ್ವ ಮೆಟ್ಟಿದೆ ಅಂದುಕೊಂಡು ಅಂತ್ರ ಕಟ್ಟಿಸಿದಳು. ಬಹಳ ಕಾಲ ಇದನ್ನು ಯಾರಿಗೂ ಹೇಳಿಕೊಂಡವಳಲ್ಲ. ಈಗ ಹೇಳುತ್ತಿರುವುದಕ್ಕೆ ಕಾರಣವಿದೆ. ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯ ಮಗು ಮತ್ತು ಅದನ್ನು ಸಾಕುವವರ ನಡುವಿನ ಬೆಸುಗೆಯ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ. ಅವನನ್ನು ಎಳವೆಯಲ್ಲಿ ನೋಡಿಕೊಂಡದ್ದು ತಾಯಿಗಿಂತ ಹೆಚ್ಚಾಗಿ ಮನೆಯ ದಾದಿ. ಅವನಿಗೆ ನಾಲ್ಕಾಗುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು, ತಾಯಿಯನ್ನೇ ಕಳೆದುಕೊಂಡಂಥ ನೋವು ಅದು ಎಂದು ಅವನು ಮುಂದೆ ಹೇಳಿಕೊಂಡ. ಇದನ್ನು ತರಬೇತಿಯ ತರಗತಿಯಲ್ಲಿ ಕೇಳಿಸಿಕೊಂಡ ದಿನ ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಅತ್ತೆ. ಅತ್ತಾಗ ಓಡಿಬರುವವರು ಯಾರೋ ಅವರಿಗೇ ಮಗುವಿನ ಮನಸ್ಸು ಅಂಟಿಕೊಳ್ಳುತ್ತದೆ. ನನಗೆ ಓಡಿಬಂದವಳನ್ನು ಬಿಳಿ ಅಂಬಾಸಿಡರ್ ಕಾರಿನಲ್ಲಿ ಕೂರಿಸಿ ಕಳಿಸಿದ್ದರು, ನಾನು ಅದರ ಹಿಂದೆ ಕೆರೆ ಕೋಡಿಯ ತನಕ ಓಡಿದ್ದೆ.

ಹತ್ತರಿಂದ ಹನ್ನೆರಡರ ತನಕ ಹೇಳುವಂಥದ್ದೇನಿಲ್ಲ. ಓದಿದೆ, ಬೆಳೆದೆ. ಲಂಗಗಳು ತಿಂಗಳಿಗೊಂದರಂತೆ ಗಿಡ್ಡವಾದವು. ಗೌರಿ ಹಬ್ಬಕ್ಕೆ ಅಕ್ಕ ಬಂದಾಗ ಅವಳ ಕಿವಿಯ ತನಕ ಬಂದಿದ್ದೆ, ಮುಂದಿನ ಗೌರಿಗೆ ಅವಳನ್ನು ದಾಟಿದ್ದೆ.

1989ರ ಮಾಘದಲ್ಲಿ ನರಸೀಪುರದ ಸಂಗಮದಲ್ಲಿ ಮೊದಲ ಸಲ ಕುಂಭಮೇಳ ನಡೆಯಿತು. ಕಾವೇರಿ ಕಪಿಲೆ ಕೂಡುವಲ್ಲಿ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆ ಎಂದು ನಮ್ಮ ಕಡೆ ನಂಬುವ ಜಾಗದಲ್ಲಿ. ಊರಿಗೂರೇ ಹೊರಟಿತ್ತು. ನಾನು ಹಿತ್ತಿಲ ಗುಡ್ಲಿನಲ್ಲಿದ್ದೆ. ನಾಲ್ಕು ದಿನದ ಹಿಂದೆ ಮೈನೆರೆದಿದ್ದೆ. ರಸ್ತೆಯಲ್ಲಿ ಎತ್ತಿನ ಗಾಡಿಗಳ ಗೆಜ್ಜೆ, ಟ್ರ್ಯಾಕ್ಟರುಗಳ ಸದ್ದು, ಮೈಕಿನ ಹಾಡು, ನನಗೆ ಸಿಟ್ಟು, ಹೊಟ್ಟೆನೋವು, ಏನಾಗುತ್ತಿದೆ ಎಂದು ತಿಳಿಯದ ಭಯ. ಅವ್ವ ಏನನ್ನೂ ಹೇಳುವವಳಲ್ಲ. ಅಕ್ಕ ಎರಡು ವರ್ಷದ ಮಗಳನ್ನು ಸೊಂಟದ ಮೇಲೆ ಹಾಕಿಕೊಂಡು ಬಂದಳು. ಮೇಳಕ್ಕೆ ಹೋಗುವ ಬಸ್ಸಿನಿಂದ ನಮ್ಮೂರ ಗೇಟಿನಲ್ಲಿ ಇಳಿದುಬಿಟ್ಟಿದ್ದಳು. ಅಜ್ಜಿ ಬೇಡ ಬೇಡ ಎನ್ನುತ್ತಿದ್ದರೂ ಬಗ್ಗಿ ಗುಡ್ಲಿನೊಳಕ್ಕೆ ಬಂದು ನನ್ನ ಪಕ್ಕ ಕೂತಳು. ಬಟ್ಟೆ ಹೇಗೆ ಮಡಿಸಬೇಕು, ಹೇಗೆ ಒಗೆದು ಬಿಸಿಲಿಗೇ ಒಣಗಿಸಬೇಕು, ನೋವು ಎಷ್ಟು ದಿನ, ಇದು ರೋಗವಲ್ಲ, ಯಾರೋ ಮಾಡಿಸಿದ್ದೂ ಅಲ್ಲ ಎಂದೆಲ್ಲ ಹೇಳಿದಳು. ಇಂದು ನಾನು ಕಿಶೋರಿಯರ ಸಭೆಯಲ್ಲಿ ಹೇಳುವುದು ಅದನ್ನೇ, ಬಹುಮಟ್ಟಿಗೆ ಅವಳ ಮಾತಿನಲ್ಲೇ.

ಅಂಥವಳಿಗೆ ನಾನು ಮಾಡಿದ್ದನ್ನೂ ಬರೆಯಬೇಕು. ಒಂಬತ್ತನೇ ಕ್ಲಾಸಿಗೆ ಪೇಟೆಯ ಹೈಸ್ಕೂಲು. ಅಲ್ಲಿ ನಮ್ಮ ಮಾತಿಗೆ ನಗುತ್ತಿದ್ದರು. ನಮ್ಮ ಕಡೆ ಹಾಲು ಆಲು, ಹಬ್ಬ ಅಬ್ಬ, ಹೋಗು ಓಗು. ವರ್ಷವೊಂದರಲ್ಲಿ ಹಠ ಹಿಡಿದು ಹಕಾರ ಕಲಿತೆ. ಆ ಸಲ ಗೌರಿಗೆ ಬಂದ ಅಕ್ಕ, ಜತೆಗೆ ಬಂದಿದ್ದ ನನ್ನ ಗೆಳತಿಯರ ಎದುರು "ಅಬ್ಬಕ್ಕೆ ಓಳಿಗೆ ತಂದಿವ್ನಿ" ಅಂದಳು. "ಅಬ್ಬ ಅಲ್ಲ ಅಕ್ಕ, ಹಬ್ಬ. ಹೋಳಿಗೆ. ಹೇಳು ನೋಡೋಣ" ಅಂದೆ ನಾನು. ಅಕ್ಕ ನಕ್ಕಳು, ಆಮೇಲೆ ಆ ದಿನವಿಡೀ ನನ್ನ ಗೆಳತಿಯರ ಮುಂದೆ ಮಾತಾಡಲಿಲ್ಲ. ನನಗೆ ಮೊದಲ ಮಾತು ಕಲಿಸಿದ ಬಾಯಿ ಅದು. ಹರೆಯದ ಮೆದುಳಿನಲ್ಲಿ ಮುಂದಿನ ಪರಿಣಾಮ ತೂಗಿ ನೋಡುವ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಿರುತ್ತದೆ ಎಂದು ಓದಿದ್ದೇನೆ. ಅದರಿಂದ ನನಗೆ ಕ್ಷಮೆ ಸಿಗುತ್ತದೆ ಎಂದು ಅನ್ನಿಸಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ಕೇಳಿ ಅದೇ ಅಕ್ಕ ತನ್ನ ಊರಿನಲ್ಲಿ ಮನೆಮನೆಗೆ ಸಕ್ಕರೆ ಹಂಚಿದಳು. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಗೆ ಮೂರು ತಿಂಗಳು ಹೋಗಿ ಹೆಸರು ಬರೆಯಲು ಕಲಿತಳು. ನಾನು ಕಲಿಸಬಹುದಿತ್ತು. ಅಷ್ಟು ರಾತ್ರಿಗಳು ಒಂದೇ ಬುಡ್ಡಿ ದೀಪದ ಬೆಳಕಿನಲ್ಲಿ ಕೂತಿದ್ದೆವು, ನಾನು ಬರೆಯುತ್ತ, ಅವಳು ಹೂ ಕಟ್ಟುತ್ತ.

2023ರಲ್ಲಿ ಸರ್ಕಾರ ಉದ್ಯೋಗ ಖಾತ್ರಿ ಕೂಲಿಯ ಹೆಂಗಸರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಶುರು ಮಾಡಿತು. ಮೂರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ತಾಯಂದಿರು ಕೆಲಸಕ್ಕೆ ಹೋಗಬಹುದು. ಅಂಗನವಾಡಿ ಮೂರು ತುಂಬಿದವರನ್ನು ಕೂರಿಸಿಕೊಳ್ಳುತ್ತದೆ, ಅದಕ್ಕೂ ಮೊದಲಿನ ವರ್ಷಗಳ ಭಾರವನ್ನು ಇಷ್ಟು ಕಾಲ ಅಕ್ಕಂದಿರೇ ಹೊತ್ತದ್ದು. ಅಂಥ ಒಂದು ಕೂಸಿನ ಮನೆಗೆ ಹೋಗಿದ್ದೆ. ಚಾಪೆಯ ಮೇಲೆ ಹತ್ತು ತಿಂಗಳ ಒಂದು ಹೆಣ್ಣುಮಗು ಮಂಡಿಯೂರಿ ಸರಸರ ನನ್ನ ಕಡೆಗೇ ಬಂತು. ಅದರ ಅಕ್ಕ ಎಲ್ಲಿ ಎಂದು ಕೇಳಿದೆ. ಶಾಲೆಗೆ ಹೋಗಿದ್ದಾಳೆ ಅಂದರು.

ಆ ಅವರೆಕಾಯಿಯ ದಿನ ಬ್ಯಾಗಿನಲ್ಲಿದ್ದ ಒಂದು ಖಾಲಿ ಕಾರ್ಡು ತೆಗೆದು ಅಕ್ಕ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಕತ್ತು ನಿಂತದ್ದು, ಹಲ್ಲು ಬಂದದ್ದು, "ಅಕ್ಕ" ಎಂದದ್ದು, ಅವ್ವ ಅನ್ನುವುದಕ್ಕೂ ಮೊದಲು. ಬರೆದದ್ದನ್ನು ಓದು ಅಂದಳು. ಓದಿದೆ. ನಡೆದದ್ದು ಹದಿನೈದನೇ ತಿಂಗಳು ಎಂದು ಓದಿದಾಗ ಅವಳು ಕೈ ಅಡ್ಡ ಮಾಡಿದಳು.

"ಅದಿನೈದಲ್ಲ, ಅದಿನಾರು. ಶ್ರಾವಣದ ಎರಡನೇ ಶನಿವಾರ. ಜಗಲಿ ಕಂಬದಿಂದ ಒಸಲ ತನಕ ನಾಕೆಜ್ಜೆ ಇಟ್ಟು ಅವ್ವನ ಮಡಿಲಿಗೆ ಬಿದ್ದೆ."

"ಅಷ್ಟು ಸರಿಯಾಗಿ ಹೇಗೆ ನೆನಪಿದೆ ಅಕ್ಕ?"

ಅವರೆಕಾಯಿ ಸಿಪ್ಪೆಯನ್ನು ಸೆರಗಿನಿಂದ ಕೊಡವಿಕೊಂಡು ಅಕ್ಕ ಅಂದಳು, "ನಿನ್ನ ಅವ್ವ ಇಡ್ಕೊಂಡ್ಲಲ್ಲ, ನನ್ನ ಸೊಂಟ ಖಾಲಿ ಆಯ್ತು. ಎದ್ದು ಓಡ್ದೆ ಕನೆ. ಅರಳೀಕಟ್ಟೆ ತನಕ ಓಡಿ, ಅಲ್ಲಿಂದ ನಾಲೆ ತನಕ ಓಡಿ, ಮತ್ತೆ ಮನೆ ತನಕ ಓಡ್ಬಂದೆ. ಸುಮ್ಕೆ."